ಬೈರಾಸಿನಡಿಯ ವ್ಯಾಪಾರ

ರುಕಿಯಾ ಹಜ್ಜುಮ್ಮನ ಅಂಗಡಿಗೆ ಬೋರ್ಡು ಇದೆ. ಅದನ್ನು ಯಾರಾದರೂ ಓದಿದ್ದನ್ನು ಮಾತ್ರ ನಾನು ನೋಡಿಲ್ಲ. ಮೂಗು ಇದ್ದವರಿಗೆ ಅದರ ಅಗತ್ಯ ಬೀಳುವುದಿಲ್ಲ. ದೋಹಾದ ಹಳೆಯ ಪೇಟೆಯಲ್ಲಿ ಅವರ ಏಲಕ್ಕಿ ಅಂಗಡಿಗೂ ನನ್ನ ಪಾತ್ರೆ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ನಾನು ಮಾರುವ ಹಿತ್ತಾಳೆಯ ಕಾಫಿ ಹೂಜಿಗಳಿಗೆಲ್ಲ ಅವರ ಸರಕಿನ ವಾಸನೆ ಹಿಡಿದುಬಿಟ್ಟಿದೆ. ಗಿರಾಕಿ ಹೂಜಿಯ ಮುಚ್ಚಳ ತೆಗೆದು ಮೂಸಿ, "ಇದು ಬಳಸಿದ್ದು" ಎಂದು ಬೆಲೆ ಇಳಿಸಲು ನೋಡುತ್ತಾನೆ. ಈ ನಷ್ಟವನ್ನು ಯಾರ ತಲೆಗೆ ಕಟ್ಟಬೇಕೆಂದು ಒಮ್ಮೆ ಹಜ್ಜುಮ್ಮನನ್ನೇ ಕೇಳಿದ್ದೆ.

"ವಾಸನೆಗೆ ನಾನು ಬಾಡಿಗೆ ಕೇಳ್ಲಿಲ್ಲ ಅಲ್ವಾ ಪಾತ್ರೆಯವ್ರೇ? ಹಾಗಾದ್ರೆ ಸುಮ್ನಿರಿ," ಎಂದರು.

ಅರುವತ್ತು ದಾಟಿದ, ಕುಳ್ಳಗಿನ, ಉಳ್ಳಾಲದ ಬ್ಯಾರಿ ಹೆಂಗಸು. ಹಜ್ಜಿಗೆ ಹೋಗಿ ಬಂದ ಮೇಲೆ ಪೇಟೆಯಲ್ಲಿರುವ ನಮ್ಮ ಕಡೆಯವರೆಲ್ಲ ಹಜ್ಜುಮ್ಮ ಎನ್ನುತ್ತಾರೆ. ಗಂಡ ಇಸ್ಮಾಯಿಲ್ ತೀರಿಕೊಂಡಾಗ ಇವರು ಊರಿನ ವಿಮಾನ ಹತ್ತುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಆ ಮಳಿಗೆಯನ್ನು ಯಾರು ಹಿಡಿಯುವುದು ಎಂಬ ಚರ್ಚೆ ಚಹಾದ ಅಂಗಡಿಯಲ್ಲಿ ಶುರುವಾಗಿತ್ತು. ವಿಧವೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದದ್ದೇ ತಡ, ಹಜ್ಜುಮ್ಮ ಬಂದು ಶಟರ್ ಎತ್ತಿಸಿದರು. ಹೆಂಗಸು ಕೂತರೆ ವ್ಯಾಪಾರ ನಡೆಯುತ್ತದೆಯೇ ಎಂದು ಕೇಳಿದವರಿಗೆ, "ಏಲಕ್ಕಿಗೆ ಗಂಡಸು ಹೆಂಗಸು ಗೊತ್ತುಂಟಾ?" ಎಂದು ಮರುಪ್ರಶ್ನೆ ಹಾಕಿದರು. ಕೇಳಿದವರಲ್ಲಿ ಒಬ್ಬನ ಮಸಾಲೆ ಅಂಗಡಿ ಈಗ ಮೊಬೈಲ್ ಕವರ್ ಮಾರುತ್ತಿದೆ.

ಅವರ ವ್ಯಾಪಾರದ ರೀತಿಯೇ ಬೇರೆ. ಗಂಡಸರ ಜೊತೆ ಬಾಯಿಯಲ್ಲಿ, ಹೆಂಗಸರ ಜೊತೆ ಕೈಯಲ್ಲಿ. ದೊಡ್ಡ ಮನೆಯ ಕತಾರಿ ಹೆಂಗಸರು ವರ್ಷದ ಏಲಕ್ಕಿ ಒಟ್ಟಿಗೆ ಕೊಳ್ಳಲು ಬಂದಾಗ ಹಜ್ಜುಮ್ಮ ಹೆಗಲ ಮೇಲಿನ ಬೈರಾಸನ್ನು ತೆಗೆದು ಮೊಣಕಾಲ ಮೇಲೆ ಹರಡುತ್ತಾರೆ. ಊರಿನ ಚೌಕಳಿ ಬೈರಾಸು, ಸ್ನಾನ ಮಾಡಿ ಮೈ ಒರೆಸಿಕೊಳ್ಳುವಂಥದ್ದು. ಅದರ ಅಡಿಯಲ್ಲಿ ಇಬ್ಬರ ಕೈಗಳು ಸೇರುತ್ತವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಅದುಮಿದರೆ ಐದು. ಹತ್ತರ ಲೆಕ್ಕವೋ ನೂರರದ್ದೋ ಎನ್ನುವುದು ಸರಕು ನೋಡಿದ ಕೂಡಲೇ ಇಬ್ಬರಿಗೂ ಗೊತ್ತು. ಬಾಯಿಯಲ್ಲಿ ಮಕ್ಕಳ ಮದುವೆ, ಮಂಡಿ ನೋವು, ಸೊಸೆಯ ಸೋಮಾರಿತನ; ಕೈಯಲ್ಲಿ ಬೆಲೆ. ನಮ್ಮ ಕಡೆ ದನದ ಸಂತೆಯ ದಲ್ಲಾಳಿಗಳು ಹೀಗೆ ಮಾಡುವುದನ್ನು ನೀವು ನೋಡಿರಬಹುದು. ಇಲ್ಲಿ ಹಿಂದೆ ಮುತ್ತಿನ ವ್ಯಾಪಾರಿಗಳು ಮಾಡುತ್ತಿದ್ದರು. ನಿಯಮ ಎರಡೂ ಕಡೆ ಒಂದೇ. ಕೊನೆಗೆ ಗಟ್ಟಿಯಾಗಿ ಒತ್ತಿ ಬಿಟ್ಟರೆ ವ್ಯಾಪಾರ ಆಯಿತು. ಒತ್ತದೆ ಕೈ ಎಳೆದುಕೊಂಡರೆ ಇಲ್ಲ. ಸುಮ್ಮನೆ ತಮಾಷೆಗೆ ಕೈ ಕೊಟ್ಟೆ ಎನ್ನಲು ಅದರಲ್ಲಿ ಜಾಗವಿಲ್ಲ.

ಈ ವಿದ್ಯೆ ಅವರಿಗೆ ಬಂದದ್ದು ತಾಯಿಯಿಂದ, ತಾಯಿಗೆ ಬಂದದ್ದು ಅಜ್ಜ ಪೊಡಿಯಬ್ಬನಿಂದ. ಪೊಡಿಯಬ್ಬನ ಕತೆಯನ್ನು ಹಜ್ಜುಮ್ಮ ಹೇಳುವಾಗ ಪ್ರತಿ ಸಲ ಅಜ್ಜ ಸ್ವಲ್ಪ ಎತ್ತರವಾಗುತ್ತಾರೆ. ಆ ಹೆಚ್ಚಳವನ್ನು ಕಳೆದು ನಾನು ಉಳಿಸಿಕೊಂಡದ್ದು ಇಷ್ಟು.

ಬ್ರಿಟಿಷರ ಕಾಲ. ಮಂಗಳೂರಿನ ಬಂದರಿನಲ್ಲಿ ಪೊಡಿಯಬ್ಬನ ಸಣ್ಣ ಗೋದಾಮು. ಸುತ್ತಲ ಗೋದಾಮುಗಳೆಲ್ಲ ಒಂದು ಲಂಡನ್ ಕಂಪನಿಯ ಮುಂಗಡ ತಿಂದು ಕೂತಿದ್ದವು. ಮುಂಗಡ ತಿಂದವನು ಬೇರೆಯವರಿಗೆ ಮಾರುವಂತಿಲ್ಲ. ವಿಲಾಯತಿಯವರಿಗೆ ಏಲಕ್ಕಿ ಬೆಳ್ಳಗಿರಬೇಕು. ಹಾವೇರಿಯ ಬಾವಿನೀರಿಗೆ ಅಂಟವಾಳ ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು, ಅದರ ಬಣ್ಣವನ್ನೂ ಅರ್ಧ ಘಮವನ್ನೂ ತೆಗೆದು ಹಡಗಿಗೆ ಏರಿಸುತ್ತಿದ್ದರಂತೆ. ಅರಬರಿಗೆ ಬೇಕಾದದ್ದು ಹಸಿರು. ಮಳೆಗಾಲ ಕಳೆದ ಮೇಲೆ ಅವರ ಹಾಯಿಹಡಗುಗಳು ಹಂಚು, ಮರ, ತೆಂಗಿನ ಹಗ್ಗಕ್ಕಾಗಿ ಮಂಗಳೂರಿಗೇ ಬರುತ್ತಿದ್ದವು. ಬಂದರೂ ಏಲಕ್ಕಿಯನ್ನು ಕಂಪನಿಯ ಕೈಯಿಂದಲೇ ಕೊಳ್ಳಬೇಕು, ಕಂಪನಿ ಹೇಳಿದ ಬೆಲೆಗೆ. ಪೊಡಿಯಬ್ಬ ಮುಂಗಡ ಮುಟ್ಟಲಿಲ್ಲ. ಕಂಪನಿಯ ದಲ್ಲಾಳಿ ಎದುರಲ್ಲೇ ನಿಂತಿರುವಾಗ ಹಡಗಿನ ಯಜಮಾನನ ಕೈಯನ್ನು ಬೈರಾಸಿನಡಿ ಹಿಡಿದು, ಬಾಯಿಯಲ್ಲಿ ಮೀನಿನ ಸುದ್ದಿ ಆಡುತ್ತ, ಹಸಿರು ಏಲಕ್ಕಿಯ ಮೂಟೆಗಳನ್ನು ನೇರ ಈ ಕಡಲಿಗೆ ಕಳಿಸಿದರು. ದಲ್ಲಾಳಿಗೆ ಎರಡು ಭಾಷೆಯಲ್ಲಿ ಮೀನಿನ ಹೆಸರು ಬಂತೇ ಹೊರತು ಬೆಲೆ ಗೊತ್ತಾಗಲಿಲ್ಲ. ಬೆಲೆ ಗೊತ್ತಿಲ್ಲದವನು ಆ ವ್ಯಾಪಾರವನ್ನು ಮುರಿಯುವುದು ಹೇಗೆ?

ಕತಾರಿನಲ್ಲೂ ಆಗ ರೂಪಾಯಿಯೇ ಓಡುತ್ತಿತ್ತು. ಇಲ್ಲಿಯ ಆಗುಹೋಗುಗಳ ಮೇಲೆ ಹಿಂದೂಸ್ತಾನದಲ್ಲಿ ಕೂತ ಬಿಳಿಯರ ಕಣ್ಣಿತ್ತು. ಒಂದೇ ದೊರೆ, ಒಂದೇ ದುಡ್ಡು, ನಡುವೆ ಒಂದೇ ಕಡಲು. ಆದರೂ ಉಳ್ಳಾಲದ ಬ್ಯಾರಿಯೊಬ್ಬ ದೋಹಾದವನಿಗೆ ನೇರ ಏಲಕ್ಕಿ ಮಾರಬೇಕಾದರೆ ಕೈಯನ್ನು ಬಟ್ಟೆಯಡಿ ಮುಚ್ಚಿಕೊಳ್ಳಬೇಕಿತ್ತು.

ಇಷ್ಟು ಹೇಳಿದ್ದು ಯಾಕೆಂದರೆ, ಹೋದ ವರ್ಷ ಅಂಥದ್ದೇ ಒಂದು ಕಂಪನಿ ದೋಹಾದ ಪಕ್ಕದ ಹೊಸ ಪಟ್ಟಣ ಲುಸೈಲಿಗೆ ಬಂತು.

ಹೆಸರು ಥಾರ್ನ್‌ಡೈಕ್ ಅಂಡ್ ಪೆಲ್. ಲಂಡನ್ನಿನ ಹಳೆಯ ಸಾಂಬಾರ ಪದಾರ್ಥದ ಮನೆತನವೆಂದು ಅವರೇ ಹೇಳಿಕೊಳ್ಳುತ್ತಾರೆ. ಲುಸೈಲಿನ ಹೊಸ ಮಾಲಿನಲ್ಲಿ ಅಮೃತಶಿಲೆಯ ನೆಲ, ಸಾಗುವಾನಿಯ ಕಪಾಟು, ಗೋಡೆಯಲ್ಲಿ ಹಡಗಿನ ಚಿತ್ರ. ಡಬ್ಬಿಯ ಮೇಲೆ ಆನೆ, ಆನೆಯ ಮೇಲೆ ಛತ್ರಿಯಡಿ ದೊರೆ, ಕೆಳಗೆ ಬುಟ್ಟಿ ಹೊತ್ತ ಮುಂಡಾಸಿನವನು. ಅಡಿಯಲ್ಲಿ ಚಿನ್ನದ ಅಕ್ಷರದಲ್ಲಿ, 'ಸಾಮ್ರಾಜ್ಯದ ಸಾಂಬಾರ ವ್ಯಾಪಾರಿಗಳು'. ಆ ಸಾಮ್ರಾಜ್ಯ ಮುಗಿದದ್ದನ್ನು ಡಬ್ಬಿ ಮಾಡಿದವನಿಗೆ ಯಾರೂ ಹೇಳಿರಲಿಲ್ಲ. ಅಥವಾ ಹೇಳಿರಬಹುದು, ಸತ್ತವರ ಹೆಸರಲ್ಲಿ ಸರಕು ಚೆನ್ನಾಗಿ ಹೋಗುತ್ತದೆಂದು ವ್ಯಾಪಾರಿಯಾದ ನನಗೂ ಗೊತ್ತು.

ಡಬ್ಬಿ ಇತ್ತು, ಒಳಗೆ ಹಾಕಲು ಏಲಕ್ಕಿ ಬೇಕಿತ್ತು. ಅದಕ್ಕಾಗಿ ಕಂಪನಿ ಕಳಿಸಿದ್ದು ತನ್ನ ಖರೀದಿ ಮ್ಯಾನೇಜರ್ ಎಡ್ನಾಳನ್ನು. ಮಂಗಳೂರಿನ ವೆಲೆನ್ಸಿಯಾದ ಹುಡುಗಿ, ವಾಸ ಅಲ್ ವುಕೈರಿನಲ್ಲಿ, ಕೆಲಸದಲ್ಲಿ ಚುರುಕು. ಮೊದಲ ದಿನ ಅಂಗಡಿಗೆ ಬಂದವಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಹಜ್ಜುಮ್ಮ ಅವಳ ಕೊರಳಿನ ಶಿಲುಬೆ, ನಾಲಗೆಯ ಧಾಟಿ ಎರಡನ್ನೂ ತೂಗಿ ನೋಡಿ, "ನೀನು ಮಂಗ್ಳೂರಿನ ಪೊರ್ಬುಗಳ ಹುಡುಗಿ ಅಲ್ವಾ? ಎಂತಕ್ಕೆ ಮಾರಾಯ್ತಿ ಇಷ್ಟು ಕಷ್ಟಪಡುದು? ಕೂತ್ಕೊ," ಎಂದರು. ಪೊರ್ಬುಗಳೆಂದರೆ ನಮ್ಮ ಕಡೆಯ ಕ್ಯಾಥೊಲಿಕ್ಕರು. ಅಲ್ಲಿಂದ ಮಾತು ಕನ್ನಡ, ತುಳು, ಸಿಕ್ಕಿದ್ದರಲ್ಲಿ ನಡೆಯಿತು.

ಎಡ್ನಾ ತಂದ ಬೆಲೆ ಒಳ್ಳೆಯದಿತ್ತು. ನಾನು ಸುಳ್ಳು ಹೇಳುವುದಿಲ್ಲ, ಅಂಥ ಬೆಲೆ ನನ್ನ ಹೂಜಿಗಳಿಗೆ ಬಂದಿದ್ದರೆ ನಾನು ಆನೆಯ ಕೆಳಗೆ ಬುಟ್ಟಿ ಹೊತ್ತು ನಿಂತುಬಿಡುತ್ತಿದ್ದೆ. ಅಂಗಡಿಯನ್ನು ಹೊಸದು ಮಾಡಿಕೊಡುವ ಮಾತೂ ಇತ್ತು. ಷರತ್ತು ಒಂದೇ: ಮೂರು ವರ್ಷ ಹಜ್ಜುಮ್ಮ ಕತಾರಿನಲ್ಲಿ ಬೇರೆ ಯಾರಿಗೂ ಏಲಕ್ಕಿ ಮಾರಕೂಡದು.

"ಅಂಗಡಿ ಬಾಗಿಲು?" ಹಜ್ಜುಮ್ಮ ಕೇಳಿದರು.

"ಬಾಗಿಲು ತೆರೆದೇ ಇರ್ತದೆ ಹಜ್ಜುಮ್ಮ. ಲವಂಗ, ದಾಲ್ಚಿನ್ನಿ ಎಲ್ಲ ಮಾರಬಹುದು."

"ಉಮ್ಮು ಹಮದ್ ಬಂದು ಹೇಲ್ ಕೇಳಿದ್ರೆ?" ಹೇಲ್ ಎಂದರೆ ಇಲ್ಲಿಯವರ ಮಾತಿನಲ್ಲಿ ಏಲಕ್ಕಿ. ಉಮ್ಮು ಹಮದ್ ಎಂದರೆ ಹಜ್ಜುಮ್ಮನ ಅತಿ ಹಳೆಯ ಗಿರಾಕಿ, ಮುತ್ತಿನ ವ್ಯಾಪಾರಿಯ ಮೊಮ್ಮಗಳು, ಬೈರಾಸಿನಡಿ ಇವರಿಗೆ ಸರಿಸಮ ಕೈ.

"ಲುಸೈಲಿಗೆ ಕಳಿಸಿ. ಅಲ್ಲಿ ನಿಮ್ಮದೇ ಏಲಕ್ಕಿ ಸಿಗ್ತದೆ."

"ನನ್ನ ಏಲಕ್ಕಿ, ನಿಮ್ಮ ಡಬ್ಬಿ."

"ಹೌದು."

"ಬೆಲೆ ಎಷ್ಟಾದೀತು ಡಬ್ಬಿಯೊಳಗೆ ಹೋದ ಮೇಲೆ?"

ಎಡ್ನಾ ಹೇಳಿದಳು. ಹಜ್ಜುಮ್ಮ ಅವಳಿಗೊಂದು ಚಹಾ ತರಿಸಿದರು.

ಮಗ ಸರ್ಫರಾಝನಿಗೆ ಇದು ಆಕಾಶ ಕೈಗೆ ಬಂದ ಹಾಗೆ. ಎಂಬಿಎ ಓದಿದವನು, ಅಂಗಡಿಯ ಆಮದಿನ ಕೆಲಸವೆಲ್ಲ ಅವನದೇ. ಪ್ರತಿ ವರ್ಷ ಸಕಲೇಶಪುರ, ಮಡಿಕೇರಿ ಎಂದು ಅಲೆದು ಸರಕು ಆರಿಸಿ ತರುವ ದಣಿವು ಅವನಿಗೆ ಗೊತ್ತು. ತಾಯಿ ಮಗ ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಐನ್ ಖಾಲಿದಿನ ಅವರ ಮನೆಯ ಊಟಕ್ಕೆ ಕೂತಿದ್ದಾಗ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಉಮ್ಮ, ಒಬ್ಬನಿಗೇ ಮಾರುದು. ಒಬ್ಬನ ಹತ್ರವೇ ಮಾತು. ನಿಮಗೆ ಮಂಡಿ ನೋವು, ಕೂತ್ಕೊಂಡು ಆರಾಮ ಮಾಡ್ಬಹುದು."

"ಮಂಡಿ ನೋವಿಗೆ ಎಣ್ಣೆ ಉಂಟು. ಒಬ್ಬನಿಗೇ ಮಾರುವವನು ವ್ಯಾಪಾರಿ ಅಲ್ಲ ಮಗ, ಸಂಬಳದವ. ಮೂರು ವರ್ಷ ಕಳೆದ ಮೇಲೆ ಅವ ಬೆಲೆ ಅರ್ಧ ಮಾಡಿದ್ರೆ ಯಾರ ಹತ್ರ ಹೋಗ್ತೀ? ಉಮ್ಮು ಹಮದ್ ಅಷ್ಟರಲ್ಲಿ ಡಬ್ಬಿಗೆ ಅಭ್ಯಾಸ ಆಗಿರ್ತಾಳೆ."

"ನಿಮ್ಮ ಅಜ್ಜನ ಕಾಲ ಅಲ್ಲ ಇದು."

"ಅದನ್ನು ಆ ಡಬ್ಬಿಯವನಿಗೆ ಹೇಳು."

ಸೊಸೆ ರಾಹಿಲಾ ನಗು ತಡೆಯಲಾರದೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಸರ್ಫರಾಝ್ ನನ್ನ ಕಡೆ ನೋಡಿದ. ನಾನು ಮೀನಿನ ಮುಳ್ಳು ತೆಗೆಯುವುದರಲ್ಲಿ ತುಂಬಾ ಮಗ್ನನಾಗಿದ್ದೆ.

ಆದರೂ ಮಾತುಕತೆ ಮುಂದುವರಿಯಿತು, ಯಾಕೆಂದರೆ ಕಂಪನಿಯ ಸಾಹೇಬನೇ ಒಂದು ದಿನ ಪೇಟೆಗೆ ಬಂದ. ಕೆಂಪಗಿನ, ಒಳ್ಳೆಯ ನಗುವಿನ ಇಂಗ್ಲಿಷ್ ಮನುಷ್ಯ, ಕೆಟ್ಟವನೇನಲ್ಲ. ಅವನು ಬಂದ ಹೊತ್ತಿಗೆ ಹಜ್ಜುಮ್ಮ ಒಬ್ಬಾಕೆಯ ಕೈಯನ್ನು ಬೈರಾಸಿನಡಿ ಹಿಡಿದಿದ್ದರು. ಸಾಹೇಬ ನಿಂತು ನೋಡಿದ. ಆಮೇಲೆ ಫೋನ್ ತೆಗೆದ. ಆಮೇಲೆ ಎಡ್ನಾಳ ಕಿವಿಯಲ್ಲಿ ಬಹಳ ಹೊತ್ತು ಮಾತಾಡಿದ.

ಅವನಿಗೆ ಬೇಕಾದದ್ದು ಇದು: ಲುಸೈಲಿನ ಅಂಗಡಿಯ ಉದ್ಘಾಟನೆಯ ದಿನ ವೇದಿಕೆಯ ಮೇಲೆ ಹಜ್ಜುಮ್ಮ, ಎಡ್ನಾ ಎದುರುಬದುರು ಕೂತು ಕೈವ್ಯಾಪಾರ ಮಾಡಬೇಕು. ಎದುರಿಗೆ ಏಲಕ್ಕಿ ಮೂಟೆ. ಬೆಲೆ ಮೊದಲೇ ಮಾತಾಡಿದ್ದು, ಕೈ ಒತ್ತಿದ ಕೂಡಲೇ ಚಪ್ಪಾಳೆ, ಆಮೇಲೆ ಅಲ್ಲೇ ಕ್ಯಾಮೆರಾ ಮುಂದೆ ಕರಾರಿಗೆ ಸಹಿ.

"ನಾಟಕ ಮಾಡ್ಬೇಕಂತೆ ಹಜ್ಜುಮ್ಮ," ಎಡ್ನಾ ಮುಜುಗರದಿಂದ ಹೇಳಿದಳು. "ಸುಮ್ನೆ ಶೋಗೆ."

"ಸಹಿ ಮೊದಲಾ, ಕೈ ಮೊದಲಾ?"

"ಕೈ ಮೊದಲು. ಸಹಿ ಆಮೇಲೆ."

"ಮೂಟೆ ನನ್ನದೇ?"

"ನಿಮ್ಮದೇ. ಅಸಲಿ ಇರ್ಲಿ ಅಂತ ಹೇಳಿದ್ದಾರೆ."

"ನನ್ನ ಗಿರಾಕಿಗಳನ್ನು ಕರೀಬಹುದಾ ನೋಡ್ಲಿಕ್ಕೆ?"

ಸಾಹೇಬ ಸಂತೋಷದಿಂದ ಎರಡೂ ಕೈ ಎತ್ತಿ ಕರೆಯಿರಿ ಎಂದ. ಕತಾರಿ ಹೆಂಗಸರು ಕೂತರೆ ಫೋಟೋ ಚೆನ್ನಾಗಿ ಬರುತ್ತದಲ್ಲ.

"ಆಗ್ಲಿ," ಎಂದರು ಹಜ್ಜುಮ್ಮ.

ಸರ್ಫರಾಝ್ ಹಿಗ್ಗಿದ. ನಾನು ಹಿಗ್ಗಲಿಲ್ಲ. ಇಷ್ಟು ವರ್ಷದಲ್ಲಿ ಆ ಹೆಂಗಸು ಚೌಕಾಸಿ ಮಾಡದೆ ಯಾವುದಕ್ಕೂ ಆಗಲಿ ಎಂದದ್ದನ್ನು ನಾನು ಕೇಳಿರಲಿಲ್ಲ.

ಉದ್ಘಾಟನೆಗೆ ನಾನೂ ಹೋದೆ. ಅಲಂಕಾರಕ್ಕೆಂದು ನನ್ನ ಹೂಜಿಗಳನ್ನೇ ಕೊಂಡಿದ್ದರು, ಬೆಲೆ ಕೇಳದೆ. ಹಾಗಾಗಿ ಆ ಕಂಪನಿಯ ಮೇಲೆ ನನಗೆ ವೈಯಕ್ತಿಕವಾಗಿ ಯಾವ ದ್ವೇಷವೂ ಇಲ್ಲ. ವೇದಿಕೆಗೆ ರತ್ನಗಂಬಳಿ ಹಾಸಿದ್ದರು. ಕೈಯ ಮೇಲೆ ಹೊದಿಸಲು ಜರಿಯ ರೇಷ್ಮೆ ಬಟ್ಟೆ ತರಿಸಿದ್ದರು. ಹಜ್ಜುಮ್ಮ ಅದನ್ನು ಮುಟ್ಟಿ ನೋಡಿ, "ಇದು ಜಾರ್ತದೆ," ಎಂದು ಬದಿಗಿಟ್ಟು ತಮ್ಮ ಚೌಕಳಿಯನ್ನೇ ಹರಡಿದರು. ಮುಂದಿನ ಸಾಲಿನಲ್ಲಿ ಉಮ್ಮು ಹಮದ್, ಅಕ್ಕಪಕ್ಕ ಅವರ ತಂಗಿಯರು, ನಾದಿನಿಯರು. ಕಪ್ಪು ಅಬಾಯಗಳ ಗೋಡೆಯೇ ಎದ್ದ ಹಾಗಿತ್ತು.

ಸಾಹೇಬ ಭಾಷಣ ಮಾಡಿದ. ತಮ್ಮ ಕಂಪನಿ ಹಿಂದೂಸ್ತಾನದ ಏಲಕ್ಕಿಯನ್ನು ಜಗತ್ತಿಗೆ ಪರಿಚಯಿಸಿದ ಬಗೆಯನ್ನು ಹೇಳಿದ. ಸರ್ಫರಾಝ್ ಅದನ್ನು ತಾಯಿಗೆ ಮೆಲ್ಲಗೆ ಬಿಡಿಸಿ ಹೇಳಿದ.

"ಅದಕ್ಕೆ ಮೊದಲು ಇಲ್ಲಿಯವ್ರು ಎಂತ ಕುಡೀತಿದ್ರಂತೆ? ಬಿಸಿನೀರಾ?" ಹಜ್ಜುಮ್ಮ ಕೇಳಿದರು. ಮೆಲ್ಲಗಲ್ಲ. ಮೈಕು ಹತ್ತಿರವೇ ಇತ್ತು. ಮಾತು ಅರ್ಥವಾದ ನಾವು ಕೆಲವರು ಬೂಟು ನೋಡಿಕೊಂಡೆವು.

ಕೈವ್ಯಾಪಾರ ಶುರುವಾಯಿತು. ಎಡ್ನಾ ಬೈರಾಸಿನಡಿ ಕೈ ಹಾಕಿದಳು. ಮಾತಾಡಿಕೊಂಡ ಬೆಲೆಯನ್ನು ಬೆರಳಲ್ಲಿ ಹೇಳಿರಬೇಕು, ಹಜ್ಜುಮ್ಮ ತಲೆಯಾಡಿಸಿದರು. ಸಾಹೇಬ ಚಪ್ಪಾಳೆಗೆ ಕೈ ಎತ್ತಿದ. ಹಜ್ಜುಮ್ಮ ಒತ್ತಲಿಲ್ಲ, ಬಿಡಲೂ ಇಲ್ಲ.

"ಬೆಲೆ ಸರಿ ಉಂಟು ಎಡ್ನಾ. ಇನ್ನು ಆ ಇನ್ನೊಂದು ಮಾತು."

"ಯಾವುದು ಹಜ್ಜುಮ್ಮ?" ಎಡ್ನಾ ನಗುತ್ತಲೇ ಇದ್ದಳು, ಕ್ಯಾಮೆರಾ ಇತ್ತಲ್ಲ.

"ಬೇರೆ ಯಾರಿಗೂ ಮಾರಬಾರ್ದು ಅಂತ. ಅದು ಎಷ್ಟು ಬೆರಳು? ಹಿಡಿದು ತೋರಿಸು."

"ಅದು... ಅದು ಬೆರಳಲ್ಲಿ ಬರುದಿಲ್ಲ."

"ಬೆರಳಲ್ಲಿ ಬಾರದ್ದು ವ್ಯಾಪಾರದಲ್ಲಿ ಬರುದಿಲ್ಲ, ಮಗಳೇ. ಸರಕಿಗೆ ಬೆಲೆ ಉಂಟು, ಕೊಡ್ತೇನೆ. ನನ್ನ ಬಾಗಿಲಿಗೆ ಬೆಲೆ ಕಟ್ಲಿಕ್ಕೆ ಬರ್ಬೇಡ. ಮಂಗ್ಳೂರಿನಲ್ಲಿ ನಿನ್ನ ದೊರೆಗಳ ಅಜ್ಜಂದ್ರು ಅದನ್ನೇ ಕೇಳಿದ್ದು. ಅವ್ರಿಗೆ ಆಗ ಹಡಗು ಇತ್ತು, ತೋಪು ಇತ್ತು. ಇವ್ರಿಗೆ ಎಂತ ಉಂಟು? ಡಬ್ಬಿ."

ಎಂದವರೇ ಕೈ ಎಳೆದುಕೊಂಡರು.

ಸಾಹೇಬನಿಗೆ ಅದು ಮುಗಿದ ಹಾಗೆ ಕಂಡಿತು, ಚಪ್ಪಾಳೆ ತಟ್ಟಿದ. ಸಾಹೇಬ ತಟ್ಟಿದ್ದಕ್ಕೆ ಆಫೀಸಿನವರೂ ತಟ್ಟಿದರು. ಮುಂದಿನ ಸಾಲಿನ ಅಬಾಯಗಳು ತಟ್ಟಲಿಲ್ಲ. ಒತ್ತದೆ ಎಳೆದ ಕೈಯ ಅರ್ಥ ಅವರಿಗೆ ಗೊತ್ತಿತ್ತು.

ಉಮ್ಮು ಹಮದ್ ಎದ್ದರು. ಎಂಬತ್ತರ ಹತ್ತಿರದ ಮುದುಕಿ, ಕೋಲೂರಿಕೊಂಡು ವೇದಿಕೆ ಹತ್ತಿದರು. ಎಡ್ನಾ ಎದ್ದು ಜಾಗ ಬಿಡಬೇಕಾಯಿತು. ಮುದುಕಿ ಒಂದು ಏಲಕ್ಕಿ ಸುಲಿದು ಕಾಳು ಅಗಿದು, "ಯಲ್ಲಾ, ರುಕಿಯಾ," ಎಂದು ಅವಸರಿಸಿ ಬೈರಾಸಿನಡಿ ಕೈ ಹಾಕಿದರು. ಅರಬಿಯಲ್ಲಿ ಮೊಮ್ಮಗನ ಪರೀಕ್ಷೆಯ ಸುದ್ದಿ, ಈ ಮಾಲಿನ ಏಸಿಯ ಚಳಿಯ ಸುದ್ದಿ. ಬಟ್ಟೆಯ ಅಡಿಯಲ್ಲಿ ಕೈಗಳು ಇಲಿಗಳ ಹಾಗೆ ಓಡಾಡಿದವು. ಕ್ಯಾಮೆರಾದವನು ಹತ್ತಿರ ಹತ್ತಿರ ಹೋದ. ಅವನಿಗೆ ಸಿಕ್ಕಿದ್ದು ಬೈರಾಸಿನ ಚೌಕಳಿ ಮಾತ್ರ.

ಹಜ್ಜುಮ್ಮ ಗಟ್ಟಿಯಾಗಿ ಒತ್ತಿ ಬಿಟ್ಟರು.

"ಖಲಾಸ್," ಎಂದರು ಉಮ್ಮು ಹಮದ್. ಡ್ರೈವರನನ್ನು ಕರೆದು ಮೂಟೆಯ ಕಡೆ ಕೋಲು ತೋರಿಸಿದರು.

ಆಗ ಮಾತ್ರ ಸಾಹೇಬನ ನಗು ನಿಂತಿತು. ಎಡ್ನಾ ಅವನಿಗೆ ವಿವರಿಸಿದಳು. ಅವನು ಸರ್ಫರಾಝನ ಕಡೆ ತಿರುಗಿ, ಇದು ಬರೀ ಪ್ರದರ್ಶನವಲ್ಲವೇ, ಒಪ್ಪಂದ ಆಗಿದೆಯಲ್ಲ ಎಂದ. ಸರ್ಫರಾಝ್ ತಾಯಿಯನ್ನು ನೋಡಿದ, ಡ್ರೈವರನ ಹೆಗಲೇರುತ್ತಿದ್ದ ಮೂಟೆಯನ್ನು ನೋಡಿದ. ಅವನಿಗೂ ಅಲ್ಲೊಂದು ಆಯ್ಕೆ ಇತ್ತು. ತಾಯಿಗೆ ವಯಸ್ಸಾಯಿತು, ಕ್ಷಮಿಸಿ ಎಂದು ಪೆನ್ನು ತೆಗೆಯಬಹುದಿತ್ತು. ಅಂಗಡಿಯ ಸಹಿ ಅವನ ಹೆಸರಲ್ಲೂ ನಡೆಯುತ್ತದೆ.

"ಸಹಿ ಆಗಿಲ್ಲ ಸರ್," ಎಂದ ಇಂಗ್ಲಿಷಿನಲ್ಲಿ. "ಕೈ ಮೊದಲು ಅಂತ ನೀವೇ ಹೇಳಿದ್ರಿ. ಕೈ ಕೂಡಿ ಬರಲಿಲ್ಲ."

ತಾಯಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಅವರು ಬೈರಾಸು ಕೊಡವಿ ಹೆಗಲಿಗೆ ಹಾಕಿಕೊಂಡು ಮಗನ ತೋಳು ಹಿಡಿದು ಇಳಿದರು. ಮಾಲಿನ ಸೆಕ್ಯುರಿಟಿಯವನು ಬಂದು, ಇಲ್ಲಿ ಮಾರಲು ನಿಮಗೆ ಪರವಾನಗಿ ಇದೆಯೇ ಎಂದು ವಿನಯದಿಂದ ಕೇಳಿದ. "ನಾನು ಮಾರ್ಲಿಕ್ಕೆ ಬಂದದ್ದಲ್ಲ, ಕರೆದದ್ದಕ್ಕೆ ಬಂದದ್ದು," ಎಂದು ಹಿಂದಿಯಲ್ಲಿ ಹೇಳಿ ಮುಂದೆ ನಡೆದರು.

ಆಮೇಲೆ ಎಲ್ಲವೂ ಸಕ್ಕರೆಯಾಯಿತು ಎಂದರೆ ನೀವು ನಂಬಬಾರದು. ಅಂಗಡಿಯ ಹಳೆಯ ಕಪಾಟು ಹಳೆಯದಾಗಿಯೇ ಇದೆ. ಸರ್ಫರಾಝ್ ಈ ವರ್ಷವೂ ಸಕಲೇಶಪುರದ ಜಿಗಣೆಗಳಿಗೆ ರಕ್ತ ಕೊಟ್ಟು ಬಂದ, ಬಂದ ಮೇಲೆ ತಾಯಿಯೊಂದಿಗೆ ಆ ಕರಾರಿನ ಮಾತೆತ್ತಿ ಜಗಳವನ್ನೂ ಮಾಡಿದ. ಕಂಪನಿಯವರು ಬೇರೆ ಕಡೆಯಿಂದ ಸರಕು ತರಿಸಿದರು. ಅದು ದೊಡ್ಡದಿತ್ತು, ಚಂದವಿತ್ತು, ಮೂಗಿನ ಹತ್ತಿರ ಹಿಡಿದರೆ ಏನೂ ಹೇಳುತ್ತಿರಲಿಲ್ಲ. ಡಬ್ಬಿಗಳು ಮೊದಲು ಪ್ರವಾಸಿಗಳಿಗೆ ಹೋದವು, ಆಮೇಲೆ ನಿಧಾನವಾದವು.

ಹೋದ ವಾರ ಮಧ್ಯಾಹ್ನ ಎಡ್ನಾ ಪೇಟೆಗೆ ಬಂದಳು. ಹಿಂದೆ ಸಾಹೇಬ, ಬೆವರಿ ಇನ್ನಷ್ಟು ಕೆಂಪಾಗಿದ್ದ. ಅಂಗಡಿಯಲ್ಲಿ ಒಬ್ಬ ಪಠಾಣ್ ಡ್ರೈವರ್ ಕಾಲು ಕಿಲೋ ಏಲಕ್ಕಿಗೆ ಜೀವ ಹೋಗುವ ಹಾಗೆ ಚೌಕಾಸಿ ಮಾಡುತ್ತಿದ್ದ. ಹಜ್ಜುಮ್ಮ ಅವನನ್ನು ಅರ್ಧಕ್ಕೆ ಬಿಡಲಿಲ್ಲ.

"ಹಜ್ಜುಮ್ಮ, ನಮಗೂ ಬೇಕಿತ್ತು," ಎಂದಳು ಎಡ್ನಾ. "ಷರತ್ತು ಏನೂ ಇಲ್ಲ. ನೀವು ಬೇಕಾದವರಿಗೆ ಮಾರಿ."

"ಅದನ್ನು ನೀನು ಹೇಳ್ಬೇಕಾ?" ಎಂದು ಹಜ್ಜುಮ್ಮ ತಕ್ಕಡಿಯಿಂದ ಕಣ್ಣೆತ್ತದೆ ಅಂದರು. "ಕೊಡ್ತೇನೆ. ನನ್ನ ಸರಕು ಯಾರ ಮೇಲೂ ಸಿಟ್ಟು ಮಾಡುದಿಲ್ಲ. ಆ ಡಬ್ಬಿಯಲ್ಲಿ ಬುಟ್ಟಿ ಹೊತ್ತವನನ್ನು ಮಾತ್ರ ತೆಗೀಲಿಕ್ಕೆ ಹೇಳು. ಇಲ್ಲದಿದ್ರೆ ಆನೆ ಮೇಲೆ ಕೂತವನನ್ನು ಇಳಿಸಿ ಬುಟ್ಟಿ ಅವನಿಗೆ ಕೊಡ್ಲಿ. ನನಗೆ ಎರಡೂ ಆಗ್ತದೆ."

ಎಡ್ನಾ ಅದನ್ನು ಸಾಹೇಬನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಪೂರ್ತಿ ಹೇಳಿದಳೋ ಇಲ್ಲವೋ ನನಗೆ ಕೇಳಿಸಿಕೊಳ್ಳಲಾಗಲಿಲ್ಲ, ನನಗೂ ಗಿರಾಕಿ ಬಂದಿದ್ದ. ತಿರುಗಿ ನೋಡಿದಾಗ ಸಾಹೇಬ ಪಠಾಣನ ಹಿಂದೆ ಸರದಿಯಲ್ಲಿ ನಿಂತಿದ್ದ. ಪಠಾಣ್ ಇನ್ನೂ ಒಂದು ರಿಯಾಲ್ ಇಳಿಸಿ ಎನ್ನುತ್ತಿದ್ದ, ಹಜ್ಜುಮ್ಮ ಮಾಫಿ, ಅಂದರೆ ಅರಬಿಯಲ್ಲಿ ಇಲ್ಲ, ಎನ್ನುತ್ತಿದ್ದರು, ಇಬ್ಬರಿಗೂ ಯಾವ ಅವಸರವೂ ಇರಲಿಲ್ಲ.